ಸೋತ ತಂಡವನ್ನು ಮತ್ತೆ ಕಟ್ಟುವುದು ಹೇಗೆ: ಐಸ್ ಹಾಕಿಯಲ್ಲಿ ಎಳೆಯರನ್ನು ಆರಿಸಿ ಬೆಳೆಸುವ ಸಮಗ್ರ ಮಾರ್ಗದರ್ಶಿ

ಹಾಕಿ ಎಂದ ಕೂಡಲೇ ನಮಗೆ ನೆನಪಾಗುವುದು ಕೊಡಗು. ಅಲ್ಲಿನ ಕುಟುಂಬಗಳ ಹಾಕಿ ಹಬ್ಬದಲ್ಲಿ ತಂಡ ಕಟ್ಟುವ ತಲೆನೋವಿಲ್ಲ, ಒಕ್ಕವೇ ತಂಡ. ಐಪಿಎಲ್‌ಗೆ ಬಂದರೆ ಹರಾಜು, ಕೈಯಲ್ಲಿ ದುಡ್ಡಿದ್ದವನು ಕೈ ಎತ್ತುತ್ತಾನೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಈ ಎರಡೂ ನಡೆಯುವುದಿಲ್ಲ. ಅಲ್ಲಿರುವುದು ಡ್ರಾಫ್ಟ್. ಪ್ರತಿ ಬೇಸಿಗೆ 32 ತಂಡಗಳು ಹದಿನೆಂಟರ ಆಸುಪಾಸಿನ ಹುಡುಗರನ್ನು ಏಳು ಸುತ್ತುಗಳಲ್ಲಿ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಹೆಚ್ಚು ಸೋತವರಿಗೆ ಮುಂಚಿನ ಸರದಿ. ದುಡ್ಡು ಕೊಟ್ಟು ಸರದಿ ಕೊಳ್ಳುವಂತಿಲ್ಲ. ಆಟಗಾರನನ್ನೋ ಇನ್ನೊಂದು ಸರದಿಯನ್ನೋ ಕೊಟ್ಟು ಬದಲಾಯಿಸಿಕೊಳ್ಳಬಹುದು, ಅಷ್ಟೆ. ಈ ಸರದಿಗೆ ಅಲ್ಲಿ ಪಿಕ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ನೀವು ಈ ಆಟವನ್ನು ಹೊಸದಾಗಿ ನೋಡಲು ಶುರುಮಾಡಿರಬಹುದು, ಟೊರಾಂಟೊದಲ್ಲೋ ಮಾಂಟ್ರಿಯಲ್‌ನಲ್ಲೋ ನೆಲೆಸಿ ಮಗನನ್ನು ರಿಂಕ್‌ಗೆ ಕರೆದೊಯ್ಯುತ್ತಿರಬಹುದು, ಅಥವಾ ತಂಡ ನಡೆಸುವ ವಿಡಿಯೊ ಗೇಮ್ ಆಡುತ್ತಿರಬಹುದು. ಯಾರಾದರೂ ಸರಿ, ಈಗ ಜನರಲ್ ಮ್ಯಾನೇಜರ್ ಕುರ್ಚಿಯಲ್ಲಿ ನೀವೇ ಕುಳಿತಿದ್ದೀರಿ ಎಂದುಕೊಂಡು ಓದಿ. ತಂಡ ತಳ ಕಚ್ಚಿದೆ. ಏನು ಮಾಡಬೇಕು?

ಉದಾಹರಣೆಗೆ ಒಂದೇ ತಂಡವನ್ನು ಹಿಡಿದುಕೊಳ್ಳುತ್ತೇನೆ: ಮಾಂಟ್ರಿಯಲ್ ಕೆನೇಡಿಯನ್ಸ್. ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ಪನ್ನು 24 ಸಲ ಗೆದ್ದ ಮನೆತನ. ಕೊನೆಯ ಗೆಲುವು 1993ರದ್ದು. 2021ರಲ್ಲಿ ಫೈನಲ್‌ವರೆಗೆ ಹೋಗಿ ಟ್ಯಾಂಪಾ ಬೇ ಎದುರು ಸೋತರು. ಮರು ವರ್ಷವೇ 55 ಪಾಯಿಂಟ್‌ಗಳೊಂದಿಗೆ 32 ತಂಡಗಳಲ್ಲಿ ಕೊನೆಯವರಾದರು. ಹುಡುಗರನ್ನು ಕೆಡಿಸಿದ್ದೂ ಇದೇ ಮನೆ, ತಿದ್ದಿಕೊಂಡು ಬೆಳೆಸಿದ್ದೂ ಇದೇ ಮನೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಡ್ರಾಫ್ಟ್ ಎರಡು ದಿನದ ಕೆಲಸ. ಆರಿಸಿದ ಹುಡುಗ ಮುಂದಿನ ಚಳಿಗಾಲ ಎಲ್ಲಿ ಆಡಬೇಕು, ಅದರ ಮುಂದಿನದು ಎಲ್ಲಿ ಎಂದು ನಿರ್ಧರಿಸುವುದು ಐದು ವರ್ಷದ ಕೆಲಸ. ಟೀವಿಯವರು ಮೊದಲನೆಯದನ್ನು ತೋರಿಸುತ್ತಾರೆ. ತಂಡ ಏಳುವುದೋ ಬೀಳುವುದೋ ಎರಡನೆಯದರಲ್ಲಿ.

ಹಂತ 1: ಯಾರು ಉಳಿಯಬೇಕು ಎಂದು ವಯಸ್ಸು ನೋಡಿ ಗೆರೆ ಎಳೆಯಿರಿ

ಕೆಡವುವುದಕ್ಕೂ ಒಂದು ಕ್ರಮ ಬೇಕು. ತಂಡ ಮತ್ತೆ ಗೆಲ್ಲಲು ನಾಲ್ಕು ವರ್ಷ ಬೇಕೆಂದು ಇಟ್ಟುಕೊಳ್ಳಿ. ಇಂದು 30 ದಾಟಿದವನು ಆಗ ಉಪಯೋಗಕ್ಕೆ ಬರುತ್ತಾನೆಯೇ? ಬರುವುದಿಲ್ಲ ಎಂದಾದರೆ ಅವನಿಗೆ ಬೆಲೆ ಇರುವಾಗಲೇ ಬಿಟ್ಟುಕೊಡಬೇಕು. ಅಭಿಮಾನಿಗಳ ಅಚ್ಚುಮೆಚ್ಚಿನವನಾಗಿದ್ದರೂ ಸರಿಯೇ.

ಮಾಂಟ್ರಿಯಲ್‌ನಲ್ಲಿ 2021ರ ಕೊನೆಯಲ್ಲಿ ಜೆಫ್ ಗೋರ್ಟನ್ ಹಾಕಿ ವ್ಯವಹಾರಗಳ ಮುಖ್ಯಸ್ಥರಾಗಿ ಬಂದರು. 2022ರ ಜನವರಿಯಲ್ಲಿ ಕೆಂಟ್ ಹ್ಯೂಸ್ ಜನರಲ್ ಮ್ಯಾನೇಜರ್ ಆದರು. ಅದಕ್ಕೂ ಮೊದಲು ಹ್ಯೂಸ್ ಆಟಗಾರರ ಏಜೆಂಟ್ ಆಗಿದ್ದವರು. ಅವರು ಎಲ್ಲವನ್ನೂ ಮಾರಲಿಲ್ಲ. ಆಗ ಇಪ್ಪತ್ತೆರಡರ ನಿಕ್ ಸುಜುಕಿ, ಇಪ್ಪತ್ತೊಂದರ ಕೋಲ್ ಕಾಫೀಲ್ಡ್ ಉಳಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಜುಕಿಯನ್ನೇ ನಾಯಕನನ್ನಾಗಿ ಮಾಡಿದರು. ಮುಂದೆ ಬರುವ ಹುಡುಗರು ಯಾರನ್ನು ನೋಡಿ ಕಲಿಯಬೇಕು ಎಂಬ ಪ್ರಶ್ನೆಗೆ ಅದು ಉತ್ತರ. ಎಲ್ಲ ಹಿರಿಯರನ್ನೂ ಕಳಿಸಿಬಿಟ್ಟು ಹದಿನೆಂಟರವರ ಕೈಗೆ ಮನೆ ಒಪ್ಪಿಸಿದರೆ ಅವರು ಕಲಿಯುವುದು ಸೋಲುವುದನ್ನೇ.

ಹಂತ 2: ಪಿಕ್‌ಗಳನ್ನು ಕೂಡಿಹಾಕಿ

ಒಂದು ಪಿಕ್‌ನಿಂದ ತಂಡ ಕಟ್ಟಲಾಗದು. ಊರೂರು ಅಲೆದು ಹುಡುಗರನ್ನು ಅಳೆಯುವ ಸ್ಕೌಟ್‌ಗಳು ಎಷ್ಟೇ ಜಾಣರಾಗಿದ್ದರೂ ಹದಿನೆಂಟರ ಹುಡುಗ ಇಪ್ಪತ್ತಮೂರರಲ್ಲಿ ಏನಾಗುತ್ತಾನೆ ಎಂದು ಖಚಿತವಾಗಿ ಹೇಳಲಾರರು. ಆದ್ದರಿಂದ ಹೆಚ್ಚು ಬೀಜ ಬಿತ್ತಬೇಕು.

ಇದಕ್ಕೆ ಎರಡು ದಾರಿ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: ಫೆಬ್ರವರಿ, ಮಾರ್ಚ್‌ನಲ್ಲಿ ಕಪ್ ಗೆಲ್ಲುವ ಆಸೆಯಲ್ಲಿರುವ ತಂಡಕ್ಕೆ ಅನುಭವಿಯನ್ನು ಕೊಟ್ಟು ಮೊದಲ ಸುತ್ತಿನ ಪಿಕ್ ಕೇಳುವುದು. 2022ರ ಫೆಬ್ರವರಿಯಲ್ಲಿ ಟೈಲರ್ ಟೊಫೋಲಿ ಕ್ಯಾಲ್ಗರಿಗೆ ಹೋದರು, ಮಾರ್ಚ್‌ನಲ್ಲಿ ಬೆನ್ ಶಿಯಾರೊ ಫ್ಲಾರಿಡಾಗೆ. ಇಬ್ಬರಿಗೂ ಪ್ರತಿಯಾಗಿ ಮೊದಲ ಸುತ್ತಿನ ಒಂದೊಂದು ಪಿಕ್ ಸಿಕ್ಕಿತು. ಟೊಫೋಲಿಗೆ ಪ್ರತಿಯಾಗಿ ಪಿಕ್ ಜೊತೆ ಬಂದ ಇನ್ನೊಂದು ಹೆಸರು ಎಮಿಲ್ ಹೈನೆಮನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ. ಕೊಳ್ಳುವವರ ಬಳಿ ಸಂಬಳಕ್ಕೆ ಜಾಗವಿಲ್ಲದಿದ್ದರೆ ಆಟಗಾರನ ಸಂಬಳದ ಅರ್ಧದವರೆಗೆ ನೀವೇ ಹೊರಬಹುದು. ಆದರೆ ಒಂದೇ ಕಾಲಕ್ಕೆ ಮೂರು ಒಪ್ಪಂದಗಳ ಮಟ್ಟಿಗೆ ಮಾತ್ರ.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ, ಯಾಕೆಂದರೆ ಅದಕ್ಕೆ ಬೇಕಾದ್ದು ತಾಳ್ಮೆ ಮಾತ್ರ. ಎನ್‌ಎಚ್‌ಎಲ್‌ನಲ್ಲಿ ಪ್ರತಿ ತಂಡದ ಸಂಬಳದ ಮೊತ್ತಕ್ಕೆ ಮಿತಿ ಇದೆ, ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. ಸೋಲುತ್ತಿರುವ ತಂಡದ ಬಳಿ ಆ ಮಿತಿಯೊಳಗೆ ಖಾಲಿ ಜಾಗ ಇರುತ್ತದೆ. ಗೆಲ್ಲಲು ಹೊರಟವರ ಬಳಿ ಇರುವುದಿಲ್ಲ. ಆ ಜಾಗವನ್ನೇ ಬಾಡಿಗೆಗೆ ಕೊಡಿ. 2022ರ ಆಗಸ್ಟ್‌ನಲ್ಲಿ ಕ್ಯಾಲ್ಗರಿಗೆ ನಾಜೆಮ್ ಕಾದ್ರಿ ಬೇಕಿತ್ತು, ಅದಕ್ಕೆ ಶಾನ್ ಮೋನಹನ್ ಅವರ ದೊಡ್ಡ ಸಂಬಳ ಅಡ್ಡವಾಗಿತ್ತು. ಗಾಯಗಳಿಂದ ನರಳುತ್ತಿದ್ದ ಮೋನಹನ್ ಅವರನ್ನು ಮಾಂಟ್ರಿಯಲ್ ತೆಗೆದುಕೊಂಡಿತು. ಹಾಗೆ ತೆಗೆದುಕೊಂಡದ್ದಕ್ಕೆ ಕ್ಯಾಲ್ಗರಿಯೇ ಮೇಲೆ ಮೊದಲ ಸುತ್ತಿನ ಪಿಕ್ ಒಂದನ್ನು ಕೊಟ್ಟಿತು. ಮೋನಹನ್ ಚೇತರಿಸಿಕೊಂಡು ಚೆನ್ನಾಗಿ ಆಡಿದರು. 2024ರ ಫೆಬ್ರವರಿಯಲ್ಲಿ ಅವರನ್ನು ವಿನಿಪೆಗ್‌ಗೆ ಕೊಟ್ಟು ಇನ್ನೊಂದು ಮೊದಲ ಸುತ್ತಿನ ಪಿಕ್ ಪಡೆದರು. ಒಬ್ಬನೇ ಆಟಗಾರ, ಬರುವಾಗ ಒಂದು ಪಿಕ್, ಹೋಗುವಾಗ ಒಂದು.

ಹಂತ 3: ಲಾಟರಿಯನ್ನು ಅರ್ಥ ಮಾಡಿಕೊಳ್ಳಿ, ಅದರ ಮೇಲೆ ಮನೆ ಕಟ್ಟಬೇಡಿ

ಕೊನೆಯ ಸ್ಥಾನಕ್ಕೆ ಮೊದಲ ಪಿಕ್ ಎಂದು ನೇರವಾಗಿ ಕೊಟ್ಟರೆ ತಂಡಗಳು ಬೇಕೆಂದೇ ಸೋಲುತ್ತವೆ. ಅದಕ್ಕಾಗಿ ಲಾಟರಿ ಇಟ್ಟಿದ್ದಾರೆ. ಪ್ಲೇಆಫ್ ತಲುಪದ 16 ತಂಡಗಳು ಅದರಲ್ಲಿರುತ್ತವೆ. 14 ಚೆಂಡುಗಳಿಂದ ನಾಲ್ಕನ್ನು ಎತ್ತುತ್ತಾರೆ, ಎರಡು ಸಲ. ಗೆದ್ದ ತಂಡ ಹೆಚ್ಚೆಂದರೆ ಹತ್ತು ಸ್ಥಾನ ಮೇಲೇರಬಹುದು. ಕೊನೆಯ ತಂಡಕ್ಕೆ ಮೊದಲ ಎತ್ತುವಿಕೆ ಗೆಲ್ಲುವ ಸಾಧ್ಯತೆ ಶೇ. 18.5. ತೀರಾ ಮೇಲಿನ ತಂಡಗಳು ಗೆದ್ದರೂ ಒಂದನೆಯ ಸ್ಥಾನದವರೆಗೆ ಏರಲಾಗದ್ದರಿಂದ, ಒಟ್ಟಾರೆ ಮೊದಲ ಪಿಕ್ ಸಿಗುವ ಸಾಧ್ಯತೆ ಶೇ. 25.5. ಅಂದರೆ ನಾಲ್ಕು ಸಲ ಕೊನೆಯವರಾದರೆ ಸರಾಸರಿ ಒಂದು ಸಲ. ಮೂರನೆಯ ಪಿಕ್‌ಗಿಂತ ಕೆಳಗೆ ಜಾರುವುದಿಲ್ಲ ಎಂಬುದೊಂದೇ ಸಮಾಧಾನ.

2023ರಲ್ಲಿ ಮೊದಲ ಪಿಕ್ ಆದ ಕಾನರ್ ಬೆಡಾರ್ಡ್ ಸಿಕ್ಕಿದ್ದು ಕೊನೆಯ ಸ್ಥಾನದ ಅನಾಹೈಮ್‌ಗಲ್ಲ, ಶಿಕಾಗೊಗೆ. 2025ರಲ್ಲಿ ಶೇ. 3.5 ಸಾಧ್ಯತೆ ಇದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್ ಹತ್ತನೆಯ ಸ್ಥಾನದಿಂದ ಮೊದಲಿಗೆ ಜಿಗಿಯಿತು. ಹಾಗೆಯೇ ಹಳೆಯ ನಿಯಮದಡಿ 2017ರಲ್ಲಿ ಕೊಲೊರಾಡೊ ಕೇವಲ 48 ಪಾಯಿಂಟ್ ಗಳಿಸಿ ಕೊನೆಯಾಗಿದ್ದರೂ ನಾಲ್ಕಕ್ಕೆ ಜಾರಿತು. ಆ ನಾಲ್ಕರಲ್ಲಿ ಅವರು ಆರಿಸಿದ್ದು ಕೇಲ್ ಮಕಾರ್ ಅವರನ್ನು. ಅವರ ಕತೆಗೆ ಆಮೇಲೆ ಬರುತ್ತೇನೆ.

ಹಂತ 4: ಪಟ್ಟಿ ತಯಾರಿಸಿ

ನಿಜವಾದ ಬೆವರು ಇಲ್ಲಿದೆ. ಸ್ಕೌಟ್‌ಗಳು ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಕೆನಡಾದ ಜೂನಿಯರ್ ಲೀಗ್‌ಗಳು, ಅಮೆರಿಕದ ಶಾಲೆ ಕಾಲೇಜುಗಳು, ಸ್ವೀಡನ್, ಫಿನ್‌ಲೆಂಡ್, ಜೆಕ್, ರಷ್ಯಾ ಎಂದು ಅಲೆದು ತಮ್ಮ ಟಿಪ್ಪಣಿ ಬರೆಯುತ್ತಾರೆ. ಆ ಟಿಪ್ಪಣಿಗಳನ್ನು ಒಂದು ಪಟ್ಟಿಯಾಗಿ ಇಳಿಸುವಾಗ ಕೆಲವು ವಿಷಯ ಗಮನದಲ್ಲಿರಲಿ.

ಹುಟ್ಟಿದ ದಿನ ನೋಡಿ. ಡ್ರಾಫ್ಟ್ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಿದವರಿಗೆ ಆ ವರ್ಷ ಅವಕಾಶ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನದ ವ್ಯತ್ಯಾಸಕ್ಕೆ 2015ರ ಡ್ರಾಫ್ಟ್ ತಪ್ಪಿ, 2016ರಲ್ಲಿ ಮೊದಲಿಗರಾಗಿ ಆಯ್ಕೆಯಾದರು. ಒಂದೇ ಪಟ್ಟಿಯಲ್ಲಿರುವ ಇಬ್ಬರ ನಡುವೆ ಹೀಗೆ ಹೆಚ್ಚುಕಡಿಮೆ ಒಂದು ವರ್ಷದ ಅಂತರವಿರುತ್ತದೆ. ಹದಿನೇಳರಲ್ಲಿ ಒಂದು ವರ್ಷ ಎಂದರೆ ಎಷ್ಟು ಎಂದು ಮಕ್ಕಳಿರುವ ಮನೆಯವರಿಗೆ ಹೇಳಬೇಕಿಲ್ಲ. ಚಿಕ್ಕವನು ಸ್ವಲ್ಪ ಕಡಿಮೆ ಗೋಲು ಹೊಡೆದಿದ್ದರೆ ಅವನು ಹಿಂದುಳಿದಿದ್ದಾನೆ ಎಂದಲ್ಲ.

ಅಂಕಿಗಳನ್ನು ಲೀಗ್ ನೋಡಿ ತೂಗಿ. ಆಟಗಾರನ ಪಾಯಿಂಟ್ ಎಂದರೆ ಅವನು ಹೊಡೆದ ಗೋಲು ಮತ್ತು ಬೇರೆಯವರ ಗೋಲಿಗೆ ನೆರವಾದ ಪಾಸ್ (ಅಸಿಸ್ಟ್) ಸೇರಿದ ಲೆಕ್ಕ. ತನ್ನ ವಯಸ್ಸಿನವರ ಎದುರು 100 ಪಾಯಿಂಟ್ ಗಳಿಸುವುದು ಬೇರೆ, ಗಡ್ಡ ಬಂದ ಗಂಡಸರ ಎದುರು 10 ಗಳಿಸುವುದು ಬೇರೆ. ಯುರೈ ಸ್ಲಾಫ್ಕೊವ್ಸ್ಕಿ ಎಂಬ ಸ್ಲೊವಾಕಿಯಾದ ಹುಡುಗ ಫಿನ್‌ಲೆಂಡ್‌ನ ಹಿರಿಯರ ಲೀಗ್‌ನಲ್ಲಿ 31 ಪಂದ್ಯಗಳಿಂದ ಗಳಿಸಿದ್ದು ಬರೀ 10 ಪಾಯಿಂಟ್. ಅದೇ ಚಳಿಗಾಲ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹದಿನೇಳರ ವಯಸ್ಸಿಗೆ ಏಳು ಪಂದ್ಯಗಳಲ್ಲಿ ಏಳು ಗೋಲು ಹೊಡೆದು ಟೂರ್ನಿಯ ಶ್ರೇಷ್ಠ ಆಟಗಾರನಾದ. ಸ್ಲೊವಾಕಿಯಾಕ್ಕೆ ಕಂಚು ಬಂತು. ಯಾವ ಅಂಕಿಯನ್ನು ನಂಬುತ್ತೀರಿ? ಎರಡನ್ನೂ ಬದಿಗಿಟ್ಟು ವಿಡಿಯೊ ನೋಡಬೇಕು: ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಬರುವ ಮೊದಲು ಭುಜದಾಚೆ ತಿರುಗಿ ನೋಡುತ್ತಾನೆಯೇ? ಮೈ ಭಾರದಿಂದ ಗೆಲ್ಲುತ್ತಿದ್ದಾನೋ, ಜಾಗ ಅರಿತು ಗೆಲ್ಲುತ್ತಿದ್ದಾನೋ? ತಪ್ಪು ಮಾಡಿದ ಮೇಲೆ ಮರುಕ್ಷಣ ಏನು ಮಾಡುತ್ತಾನೆ?

ಮೂರನೆಯದು, ಕಲಿಸಬಹುದಾದ್ದನ್ನೂ ಕಲಿಸಲಾಗದ್ದನ್ನೂ ಬೇರೆ ಮಾಡಿ. ತೂಕ ಏರಿಸಬಹುದು. ಸ್ಕೇಟಿಂಗ್ ಶೈಲಿಯನ್ನು ಒಂದು ಮಟ್ಟಕ್ಕೆ ತಿದ್ದಬಹುದು. ಹೊಡೆತದ ವೇಗ ಹೆಚ್ಚಿಸಬಹುದು. ಆಟದ ಅರಿವು, ಅಂದರೆ ಮುಂದಿನ ಎರಡು ಸೆಕೆಂಡಿನಲ್ಲಿ ಏನಾಗುತ್ತದೆ ಎಂಬ ಒಳನೋಟ, ಹದಿನೆಂಟರ ಹೊತ್ತಿಗೆ ಇದ್ದರೆ ಇದೆ, ಇಲ್ಲದಿದ್ದರೆ ಕಷ್ಟ. ಇದು ನನ್ನ ಅಭಿಪ್ರಾಯ. ಒಪ್ಪದ ಕೋಚ್‌ಗಳೂ ಇದ್ದಾರೆ. ಆದರೆ ಮೊದಲ ಸುತ್ತಿನ ನಂತರ ಸಿಕ್ಕ ದೊಡ್ಡ ಆಟಗಾರರನ್ನು ನೋಡಿ. ಟ್ಯಾಂಪಾ ಬೇ 2011ರಲ್ಲಿ 58ನೆಯವನಾಗಿ ಆರಿಸಿದ ನಿಕಿಟಾ ಕುಚೆರೊವ್, 2014ರಲ್ಲಿ 79ನೆಯವನಾಗಿ ಆರಿಸಿದ ಬ್ರೇಡನ್ ಪಾಯಿಂಟ್. ಇಬ್ಬರಲ್ಲೂ ಜನ ಕಂಡ ಕೊರತೆ ಮೈಕಟ್ಟಿನದು. ತಲೆಯದಲ್ಲ.

ಜೂನ್ ಮೊದಲಲ್ಲಿ ಬಫಲೊದಲ್ಲಿ ನಡೆಯುವ ಪರೀಕ್ಷಾ ಶಿಬಿರದಲ್ಲಿ ಹುಡುಗರು ಮಂಜುಗಡ್ಡೆಯ ಮೇಲೆ ಇಳಿಯುವುದೇ ಇಲ್ಲ. ಸೈಕಲ್ ತುಳಿಯುತ್ತಾರೆ, ಜಿಗಿಯುತ್ತಾರೆ, ವೈದ್ಯರಿಗೆ ಮೈ ತೋರಿಸುತ್ತಾರೆ. ತಂಡಗಳಿಗೆ ಮುಖ್ಯವಾದದ್ದು ಅಲ್ಲಿನ ಮುಖಾಮುಖಿ ಮಾತು. ಲೇನ್ ಹಟ್ಸನ್ ಎಂಬ ಕುಳ್ಳ ಡಿಫೆನ್ಸ್ ಹುಡುಗ 2022ರಲ್ಲಿ ತನ್ನ ಮೂಳೆ ಇನ್ನೂ ಬೆಳೆಯಲಿದೆ ಎಂಬ ವೈದ್ಯರ ಪತ್ರವನ್ನೇ ತಂಡಗಳಿಗೆ ತೋರಿಸಿದ್ದ. ಹೆಚ್ಚಿನವರು ಎತ್ತರ ನೋಡಿ ಮುಂದೆ ಹೋದರು. ಮಾಂಟ್ರಿಯಲ್ 62ನೆಯ ಪಿಕ್‌ನಲ್ಲಿ ಅವನ ಹೆಸರು ಕರೆಯಿತು.

ಹಂತ 5: ಡ್ರಾಫ್ಟ್ ದಿನ ಪಟ್ಟಿಗೆ ಬದ್ಧರಾಗಿರಿ

ಒಂದರಿಂದ ನೂರರವರೆಗೆ ಸಾಲಾಗಿ ಬರೆಯುವುದಕ್ಕಿಂತ ಗುಂಪುಗಳಾಗಿ ಬರೆಯುವುದು ಒಳ್ಳೆಯದು. ಮೊದಲ ಗುಂಪಿನಲ್ಲಿ ಇಬ್ಬರು, ಎರಡನೆಯದರಲ್ಲಿ ಐವರು, ಹೀಗೆ. ನಿಮ್ಮ ಸರದಿ ಬರುವಾಗ ಒಂದೇ ಗುಂಪಿನ ಆರು ಜನ ಉಳಿದಿದ್ದರೆ ನಾಲ್ಕು ಸ್ಥಾನ ಹಿಂದೆ ಸರಿದು ಹೆಚ್ಚುವರಿ ಪಿಕ್ ಗಳಿಸಿ. ಮೇಲಿನ ಗುಂಪಿನಲ್ಲಿ ಒಬ್ಬನೇ ಉಳಿದು ಜಾರುತ್ತಾ ಬರುತ್ತಿದ್ದರೆ ಪಿಕ್ ಕೊಟ್ಟಾದರೂ ಮುಂದೆ ಹೋಗಿ. 2024ರಲ್ಲಿ ಮಾಂಟ್ರಿಯಲ್ ವಿನಿಪೆಗ್‌ನಿಂದ ಬಂದಿದ್ದ 26ನೆಯ ಪಿಕ್ ಜೊತೆ ಇನ್ನೆರಡು ಪಿಕ್‌ಗಳನ್ನು ಲಾಸ್ ಏಂಜಲೀಸ್‌ಗೆ ಕೊಟ್ಟು 21ಕ್ಕೆ ಏರಿ ಮೈಕಲ್ ಹೇಜ್ ಅವರನ್ನು ಆರಿಸಿತು.

ಇನ್ನೊಂದು ದೊಡ್ಡ ಬಲೆ ಇದೆ: ಇವತ್ತು ತಂಡದಲ್ಲಿ ಯಾವ ಜಾಗ ಖಾಲಿ ಇದೆ ಎಂದು ನೋಡಿ ಆರಿಸುವುದು. 2018ರಲ್ಲಿ ಮಾಂಟ್ರಿಯಲ್‌ಗೆ ಮೂರನೆಯ ಪಿಕ್ ಇತ್ತು. ವರ್ಷಗಳಿಂದ ಒಳ್ಳೆಯ ಸೆಂಟರ್, ಅಂದರೆ ದಾಳಿಯ ನಡುವಿನ ಆಟಗಾರ, ಇರಲಿಲ್ಲ. ಫಿನ್‌ಲೆಂಡ್‌ನ ಯೆಸ್ಪೆರಿ ಕೋಟ್ಕನಿಯೆಮಿ ಸೆಂಟರ್ ಆಡುತ್ತಿದ್ದ, ಅವನನ್ನೇ ಆರಿಸಿದರು. ನಾಲ್ಕನೆಯವನಾಗಿ ಬ್ರೇಡಿ ಕಚಕ್, ಏಳನೆಯವನಾಗಿ ಕ್ವಿನ್ ಹ್ಯೂಸ್ ಹೋದರು. ಹದಿನೆಂಟರ ಹುಡುಗ ನಿಮ್ಮ ತಂಡಕ್ಕೆ ನೆರವಾಗುವುದು ನಾಲ್ಕು ವರ್ಷದ ನಂತರ. ಅಷ್ಟರಲ್ಲಿ ಇವತ್ತಿನ ಖಾಲಿ ಜಾಗ ತುಂಬಿ, ಬೇರೊಂದು ಖಾಲಿಯಾಗಿರುತ್ತದೆ.

2023ರ ಐದನೆಯ ಪಿಕ್ ಬಗ್ಗೆ ಈಗಲೂ ಮಾಂಟ್ರಿಯಲ್‌ನಲ್ಲಿ ವಾದ ನಡೆಯುತ್ತದೆ. ಆಸ್ಟ್ರಿಯಾದ ಡಿಫೆನ್ಸ್ ಆಟಗಾರ ಡೇವಿಡ್ ರೈನ್‌ಬಾಕರ್ ಅವರನ್ನು ಆರಿಸಿದರು. ರಷ್ಯಾದ ಮಟ್ವೆ ಮಿಚ್ಕೊವ್ ಏಳನೆಯವನಾಗಿ ಫಿಲಡೆಲ್ಫಿಯಾ ಪಾಲಾದ. ಮಿಚ್ಕೊವ್‌ಗೆ ರಷ್ಯಾದಲ್ಲಿ 2026ರವರೆಗೆ ಒಪ್ಪಂದವಿತ್ತು, ಅದಕ್ಕೆ ಹೆದರಿದವರೇ ಹೆಚ್ಚು. ಅವನು ಎರಡು ವರ್ಷ ಮೊದಲೇ ಬಂದು 2024-25ರ ಮೊದಲ ಸೀಸನ್‌ನಲ್ಲೇ 63 ಪಾಯಿಂಟ್ ಗಳಿಸಿದ. ರೈನ್‌ಬಾಕರ್ ಅದೇ ಸೀಸನ್ ಶುರುವಾಗುವ ಮುನ್ನ ಮಂಡಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಡಿಫೆನ್ಸ್ ಆಟಗಾರರು ಮಾಗುವುದು ನಿಧಾನ, ಆದ್ದರಿಂದ ತೀರ್ಪು ಕೊಡುವ ಕಾಲ ಇನ್ನೂ ಬಂದಿಲ್ಲ. ಆದರೆ ಮರು ವರ್ಷ ಅದೇ ಐದನೆಯ ಪಿಕ್ ಬಂದಾಗ ಮಾಂಟ್ರಿಯಲ್ ರಷ್ಯಾದ ಇವಾನ್ ಡೆಮಿಡೋವ್ ಅವರ ಹೆಸರು ಕರೆಯಿತು. ಕಾಯಲು ಸಿದ್ಧರಿದ್ದ ಕಾರಣಕ್ಕೆ ಆ ಪ್ರತಿಭೆ ಐದನೆಯ ಸ್ಥಾನದಲ್ಲಿ ಸಿಕ್ಕಿತು. ಅವನು ಇನ್ನೊಂದು ವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆಡಿ 49 ಪಾಯಿಂಟ್ ಗಳಿಸಿ, 2025ರ ಏಪ್ರಿಲ್‌ನಲ್ಲಿ ಬಂದಿಳಿದು ಮೊದಲ ಪಂದ್ಯದಲ್ಲೇ ಗೋಲು ಹೊಡೆದ.

ಗೋಲಿಗಳ ವಿಷಯ ಚಿಕ್ಕದಾಗಿ: ಅವರು ಮಾಗಲು ಎಲ್ಲರಿಗಿಂತ ಹೆಚ್ಚು ಕಾಲ ಬೇಕು, ಊಹಿಸುವುದೂ ಕಷ್ಟ. ಪ್ರತಿ ವರ್ಷ ಒಬ್ಬರನ್ನು ಕೆಳಗಿನ ಸುತ್ತುಗಳಲ್ಲಿ ಆರಿಸುತ್ತಾ ಹೋಗಿ. ಯಾಕುಬ್ ದೊಬೆಶ್ 2020ರ 136ನೆಯ ಪಿಕ್. ನಾಲ್ಕು ವರ್ಷದ ನಂತರ, 2024ರ ಡಿಸೆಂಬರ್‌ನಲ್ಲಿ, ಹಾಲಿ ಚಾಂಪಿಯನ್ ಫ್ಲಾರಿಡಾ ಎದುರು ತನ್ನ ಮೊದಲ ಪಂದ್ಯದಲ್ಲೇ ಒಂದೂ ಗೋಲು ಬಿಟ್ಟುಕೊಡಲಿಲ್ಲ.

ಹಂತ 6: ಒಟ್ಲಿನಿಂದ ಗದ್ದೆಗೆ ಯಾವಾಗ?

ಭತ್ತದ ಒಟ್ಲು ಹಾಕಿದವರಿಗೆ ಗೊತ್ತು. ಸಸಿ ಎಳೆಯದಾಗಿರುವಾಗಲೇ ಕಿತ್ತು ನಾಟಿ ಮಾಡಿದರೆ ನೀರಿಗೆ ಕೊಳೆಯುತ್ತದೆ, ಬಲಿತ ಮೇಲೆ ಕಿತ್ತರೆ ತೆಂಡೆ ಒಡೆಯುವುದಿಲ್ಲ. ಎನ್‌ಎಚ್‌ಎಲ್‌ನಲ್ಲಿ ಪುಣ್ಯಕ್ಕೆ ಒಟ್ಲುಗಳು ನಾಲ್ಕು ಬಗೆಯವಿವೆ, ಹುಡುಗನಿಗೆ ತಕ್ಕುದನ್ನು ಆರಿಸಬೇಕು.

ಕೆನಡಾದ ಮೂರು ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಪಂದ್ಯ ಬಹಳ, ಪ್ರಯಾಣ ಬಹಳ, ಎದುರಾಳಿಗಳು ಸಮವಯಸ್ಕರು. ಹುಡುಗರು ಹದಿನಾರರಲ್ಲೇ ಮನೆ ಬಿಟ್ಟು ಆ ಊರಿನ ಯಾರದ್ದೋ ಮನೆಯಲ್ಲಿ ಮಗನಂತೆ ಇದ್ದು ಆಡುತ್ತಾರೆ. ಅಮೆರಿಕದ ಕಾಲೇಜು ಹಾಕಿಯಲ್ಲಿ ವರ್ಷಕ್ಕೆ 40ರ ಒಳಗೆ ಪಂದ್ಯ, ಉಳಿದ ದಿನ ಜಿಮ್ ಮತ್ತು ಅಭ್ಯಾಸ. ಮೈ ತುಂಬದವರಿಗೆ ಇದು ವರದಾನ. ಯೂರೋಪಿನ ಲೀಗ್‌ಗಳಲ್ಲಿ ಗಂಡಸರ ಎದುರು ಆಡುತ್ತಾರೆ, ಆದರೆ ಅಲ್ಲಿನ ಕೋಚ್ ತನ್ನ ಪಂದ್ಯ ಗೆಲ್ಲಲು ನಿಮ್ಮ ಹುಡುಗನನ್ನು ಬೆಂಚಿನಲ್ಲಿ ಕೂರಿಸಿದರೆ ನೀವು ಏನೂ ಮಾಡುವಂತಿಲ್ಲ. ನಾಲ್ಕನೆಯದು ನಿಮ್ಮದೇ ಎರಡನೆಯ ತಂಡ, ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್ ಎಂಬ ಲೀಗ್‌ನಲ್ಲಿ ಆಡುವುದು. ಮಾಂಟ್ರಿಯಲ್‌ನ ಆ ತಂಡ ಪಕ್ಕದ ಲವಾಲ್‌ನಲ್ಲಿದೆ. ಬೆಳಿಗ್ಗೆ ಕರೆದರೆ ಮಧ್ಯಾಹ್ನ ಬರಬಹುದು.

ನಿಯಮದ ಒಂದು ಗಂಟು ಇಲ್ಲಿದೆ. ಕೆನಡಾದ ಜೂನಿಯರ್ ಲೀಗ್‌ನಿಂದ ಆರಿಸಿದ 18, 19ರ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸುವಂತಿಲ್ಲ. ಒಂದೋ ಎನ್‌ಎಚ್‌ಎಲ್, ಇಲ್ಲವೋ ಮರಳಿ ಜೂನಿಯರ್. ಒಂದಕ್ಕೆ ಎಳೆಯ, ಇನ್ನೊಂದಕ್ಕೆ ದೊಡ್ಡವ, ನಡುವೆ ಮೆಟ್ಟಿಲೇ ಇಲ್ಲ. ಪ್ರತಿ ತಂಡಕ್ಕೆ ಒಬ್ಬ 19ರ ಹುಡುಗನ ಮಟ್ಟಿಗೆ ಇದನ್ನು ಸಡಿಲಿಸಬೇಕೆಂದು ಲೀಗ್ ಮತ್ತು ಆಟಗಾರರ ಸಂಘ 2025ರ ಒಪ್ಪಂದದಲ್ಲಿ ಮಾತಾಡಿಕೊಂಡಿವೆ. ಇದರ ಜೊತೆಗೆ 2025ರಿಂದ ಜೂನಿಯರ್ ಲೀಗ್‌ನಲ್ಲಿ ಆಡಿದವರೂ ಅಮೆರಿಕದ ಕಾಲೇಜಿಗೆ ಹೋಗಬಹುದು. ಮೊದಲು ಆ ಬಾಗಿಲು ಮುಚ್ಚಿತ್ತು. ಗ್ಯಾವಿನ್ ಮೆಕೆನ್ನಾ ಹಾಗೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು.

ಈಗ ಮಾಂಟ್ರಿಯಲ್‌ನ ಮೂವರನ್ನು ಪಕ್ಕಪಕ್ಕ ಇಟ್ಟು ನೋಡಿ.

ಕೋಟ್ಕನಿಯೆಮಿಯನ್ನು ಹದಿನೆಂಟರಲ್ಲೇ ಎನ್‌ಎಚ್‌ಎಲ್‌ಗೆ ಇಳಿಸಿದರು. 79 ಪಂದ್ಯ, 34 ಪಾಯಿಂಟ್. ಎಲ್ಲರೂ ಹಿಗ್ಗಿದರು. ಮರು ವರ್ಷ 36 ಪಂದ್ಯಗಳಲ್ಲಿ 8 ಪಾಯಿಂಟ್, ನಡುವೆ ಲವಾಲ್‌ಗೆ ಇಳಿಸಿದರು. ಮುಂದಕ್ಕೆ ಕೊಟ್ಟು ಹಿಂದಕ್ಕೆ ಕಿತ್ತುಕೊಂಡಂತೆ ಆಯಿತು ಆ ಹುಡುಗನಿಗೆ. 2021ರಲ್ಲಿ ಕೆರೊಲಿನಾ ಒಂದು ವರ್ಷಕ್ಕೆ 61 ಲಕ್ಷ ಡಾಲರ್ ಮುಂದಿಟ್ಟಿತು, ಮಾಂಟ್ರಿಯಲ್ ಸರಿಗಟ್ಟಲಿಲ್ಲ, ಅವನು ಹೋದ. ಮೂರನೆಯ ಪಿಕ್ ಮೂರೇ ವರ್ಷದಲ್ಲಿ ಕೈ ತಪ್ಪಿತು.

ಸ್ಲಾಫ್ಕೊವ್ಸ್ಕಿಯನ್ನು 2022ರ ಜುಲೈ 7ರಂದು ಮಾಂಟ್ರಿಯಲ್‌ನದೇ ಬೆಲ್ ಸೆಂಟರ್‌ನಲ್ಲಿ ಮೊದಲ ಪಿಕ್ ಆಗಿ ಕರೆದರು. ಊರಿನ ಬಹಳ ಜನ ಬಯಸಿದ್ದ ಶೇನ್ ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಯೂರೋಪಿನಿಂದ ಬಂದವನಾದ್ದರಿಂದ ಸ್ಲಾಫ್ಕೊವ್ಸ್ಕಿಯನ್ನು ಲವಾಲ್‌ಗೆ ಕಳಿಸಬಹುದಿತ್ತು. ಕಳಿಸಲಿಲ್ಲ. 39 ಪಂದ್ಯ, 10 ಪಾಯಿಂಟ್, ಆಮೇಲೆ ಮಂಡಿ ಪೆಟ್ಟು, ಸೀಸನ್ ಮುಗಿಯಿತು. ಕೋಟ್ಕನಿಯೆಮಿಯ ಕತೆಯೇ ಮತ್ತೆ ಶುರುವಾಯಿತೆಂದು ನನಗೂ ಆಗ ಭಯವಾಗಿತ್ತು. ವ್ಯತ್ಯಾಸ ಬಂದದ್ದು ಎರಡನೆಯ ವರ್ಷ. ಅವನು ಒದ್ದಾಡುತ್ತಿದ್ದರೂ ಕೋಚ್ ಮಾರ್ಟಿನ್ ಸೇಂಟ್ ಲೂಯಿ ಅವನನ್ನು ಕೆಳಗಿನ ಸಾಲಿಗೆ (ಸಾಲು ಎಂದರೆ ಒಟ್ಟಿಗೆ ಇಳಿಯುವ ಮೂವರು ದಾಳಿಗಾರರು) ತಳ್ಳುವ ಬದಲು ಸುಜುಕಿ, ಕಾಫೀಲ್ಡ್ ಜೊತೆ ಮೊದಲ ಸಾಲಿನಲ್ಲಿ ಬಿಟ್ಟರು. ಆ ಸೀಸನ್ 82 ಪಂದ್ಯ, 20 ಗೋಲು, 50 ಪಾಯಿಂಟ್. ಬೇಗ ಇಳಿಸಿದರೆ ಇಷ್ಟು ಜವಾಬ್ದಾರಿ ಹೊರಬೇಕು. ಇಳಿಸಿ, ನಾಲ್ಕನೆಯ ಸಾಲಿನಲ್ಲಿ ಎಂಟು ನಿಮಿಷ ಕೊಟ್ಟು, ಆಮೇಲೆ ಹುಡುಗ ಕಲಿಯಲಿಲ್ಲ ಎಂದು ದೂರಬಾರದು. ರೈಟ್‌ನ ಮೊದಲ ವರ್ಷ ನೋಡಿ: ಎನ್‌ಎಚ್‌ಎಲ್, ಎಎಚ್‌ಎಲ್, ವಿಶ್ವ ಜೂನಿಯರ್ ಟೂರ್ನಿ, ಮತ್ತೆ ಜೂನಿಯರ್ ಲೀಗ್. ಒಂದೇ ಚಳಿಗಾಲದಲ್ಲಿ ನಾಲ್ಕು ಕಡೆ ಡೇರೆ.

ಹಟ್ಸನ್ ಬಗ್ಗೆ ಯಾರಿಗೂ ಆತುರವಿರಲಿಲ್ಲ, 62ನೆಯವನಿಗೆ ಯಾರು ಆತುರಪಡುತ್ತಾರೆ? ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 39 ಪಂದ್ಯಗಳಲ್ಲಿ 48 ಪಾಯಿಂಟ್. ಡಿಫೆನ್ಸ್ ಆಟಗಾರನಿಗೆ ಇದು ಅಪರೂಪ. ಆದರೂ ಇನ್ನೊಂದು ವರ್ಷ ಅಲ್ಲೇ ಉಳಿದ, 38 ಪಂದ್ಯಗಳಲ್ಲಿ 49. ಆಮೇಲೆ ಬಂದ. 2024-25ರಲ್ಲಿ 66 ಪಾಯಿಂಟ್, ಅದರಲ್ಲಿ 60 ಅಸಿಸ್ಟ್. ಅಸಿಸ್ಟ್‌ಗಳಲ್ಲಿ ಇದು ಹೊಸಬ ಡಿಫೆನ್ಸ್ ಆಟಗಾರರ ಪೈಕಿ ಲ್ಯಾರಿ ಮರ್ಫಿ ಅವರ ದಾಖಲೆಗೆ ಸಮ. ವರ್ಷದ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಬಂತು. ಮಾಂಟ್ರಿಯಲ್‌ಗೆ ಅದು 1972ರಲ್ಲಿ ಕೆನ್ ಡ್ರೈಡನ್ ಗೆದ್ದ ನಂತರ ಮೊದಲ ಸಲ. ಕೊಲೊರಾಡೊದ ಮಕಾರ್ ಕೂಡ ಇದೇ ದಾರಿ: ನಾಲ್ಕನೆಯ ಪಿಕ್ ಆಗಿದ್ದರೂ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ, 2019ರ ಪ್ಲೇಆಫ್‌ನಲ್ಲಿ ಮೊದಲ ಪಂದ್ಯ, 2020ರಲ್ಲಿ ಕಾಲ್ಡರ್, 2022ರಲ್ಲಿ ಕಪ್ ಮತ್ತು ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಗೌರವ.

ಹಾಗಾದರೆ ಸೂತ್ರವೇನು? ಹುಡುಗ ಈಗಿರುವ ಲೀಗ್‌ನಲ್ಲಿ ಅವನಿಗೆ ಕಲಿಯಲು ಏನೂ ಉಳಿದಿಲ್ಲ ಎನ್ನುವವರೆಗೆ ಬಿಡಿ. ಅನುಮಾನವಿದ್ದರೆ ಇನ್ನೊಂದು ವರ್ಷ.

ಹಂತ 7: ದಿನದಿನದ ಕೆಲಸ

ಮಾಂಟ್ರಿಯಲ್ 2022ರಲ್ಲಿ ಆಡಮ್ ನಿಕೋಲಸ್ ಅವರನ್ನು ಆಟಗಾರರ ಬೆಳವಣಿಗೆಗೆಂದೇ ಕರೆತಂದಿತು. ಇಂಥವರ ಕೆಲಸ ಪಂದ್ಯ ಗೆಲ್ಲುವುದಲ್ಲ, ಹುಡುಗರು ಎಲ್ಲೇ ಆಡುತ್ತಿರಲಿ ಅವರನ್ನು ಹಿಂಬಾಲಿಸುವುದು. ನಿಮ್ಮ ತಂಡದಲ್ಲೂ ಹೀಗೆ ಮಾಡಿ: ಪ್ರತಿ ಹುಡುಗನಿಗೆ ವರ್ಷಕ್ಕೆ ಎರಡೋ ಮೂರೋ ಗುರಿ, ಹೆಚ್ಚು ಬೇಡ. ಗೋಡೆ ಪಕ್ಕದಲ್ಲಿ ಪಕ್ ಹಿಡಿಯುವಾಗ ಕಾಲು ಹೇಗಿಡಬೇಕು, ಪಾಸ್ ಬರುವ ಮೊದಲು ಎರಡು ಸಲ ಸುತ್ತ ನೋಡಬೇಕು, ಬೇಸಿಗೆಯಲ್ಲಿ ಇಷ್ಟು ತೂಕ ಏರಬೇಕು. ಪಂದ್ಯ ಮುಗಿದ ಮರುದಿನ ಅವನ ಐದಾರು ವಿಡಿಯೊ ತುಣುಕು ಅವನ ಫೋನಿಗೆ ಹೋಗಲಿ. ಬರೀ ತಪ್ಪುಗಳಲ್ಲ, ಸರಿಯಾದದ್ದೂ ಇರಲಿ. ಎರಡನೆಯ ತಂಡದ ಕೋಚ್ ಮೊದಲ ತಂಡದ ಪದ್ಧತಿಯನ್ನೇ ಆಡಿಸಲಿ, ಇಲ್ಲದಿದ್ದರೆ ಮೇಲೆ ಬಂದ ದಿನ ಹುಡುಗ ಮತ್ತೆ ಅ ಆ ಇ ಈ ಇಂದ ಶುರುಮಾಡಬೇಕಾಗುತ್ತದೆ.

ಮುಖ್ಯ ಕೋಚ್ ಯಾರು ಎಂಬುದು ಇಲ್ಲಿ ಬಹಳ ಮುಖ್ಯ. ಸೇಂಟ್ ಲೂಯಿ ಅವರನ್ನು ಯಾವ ತಂಡವೂ ಡ್ರಾಫ್ಟ್ ಮಾಡಿರಲಿಲ್ಲ. ಕುಳ್ಳ ಎಂದು ಬಿಟ್ಟಿದ್ದರು. 2004ರಲ್ಲಿ ಟ್ಯಾಂಪಾ ಪರ ಕಪ್ಪನ್ನೂ ಲೀಗ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿಯನ್ನೂ ಗೆದ್ದು, 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 2022ರ ಫೆಬ್ರವರಿಯಲ್ಲಿ ಮಾಂಟ್ರಿಯಲ್ ಕರೆದಾಗ ಅವರಿಗಿದ್ದ ಕೋಚಿಂಗ್ ಅನುಭವ ಹೆಚ್ಚಾಗಿ ಮಕ್ಕಳ ತಂಡಗಳದ್ದು. ನಗಾಡಿದವರಿದ್ದರು. ಆದರೆ ಕಲಿಯುವ ಹುಡುಗರಿಂದಲೇ ತುಂಬಿದ ತಂಡಕ್ಕೆ ಕಲಿಸಿ ಗೊತ್ತಿದ್ದವರೇ ಬೇಕಿತ್ತು.

ಇನ್ನೊಂದನ್ನು ಯಾರೂ ಬರೆಯುವುದಿಲ್ಲ: ಹದಿನೆಂಟರ ಹುಡುಗ ರಾತ್ರಿ ಯಾರ ಜೊತೆ ಊಟ ಮಾಡುತ್ತಾನೆ? ಭಾಷೆ ಬಾರದ ಊರು, ಖಾಲಿ ಅಪಾರ್ಟ್‌ಮೆಂಟ್, ಕೈ ತುಂಬ ದುಡ್ಡು. ಮೊದಲ ವರ್ಷ ಹಿರಿಯ ಆಟಗಾರನ ಮನೆಯಲ್ಲೋ ಮನೆಯವರ ಜೊತೆಯೋ ಇರುವ ಏರ್ಪಾಡು ಮಾಡಿ. ಬಹಳಷ್ಟು ಒಳ್ಳೆಯ ಪಿಕ್‌ಗಳು ಹಾಳಾಗುವುದು ರಿಂಕ್‌ನ ಹೊರಗೆ.

ಹಂತ 8: ಒಪ್ಪಂದದ ಲೆಕ್ಕ

18ರಿಂದ 21ರೊಳಗೆ ಸಹಿ ಹಾಕಿದವರ ಮೊದಲ ಒಪ್ಪಂದ ಮೂರು ವರ್ಷದ್ದು, ಸಂಬಳಕ್ಕೆ ಮಿತಿ ಇದೆ. 18, 19ರವನು ಆ ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನ ಹತ್ತು ಪಂದ್ಯ ಆಡದಿದ್ದರೆ ಒಪ್ಪಂದ ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಹಾಗಾಗಿ ಒಂಬತ್ತನೆಯ ಪಂದ್ಯ ಮುಗಿದ ರಾತ್ರಿ ಕೂತು ಯೋಚಿಸಿ: ಈ ಅಗ್ಗದ ಮೂರು ವರ್ಷದಲ್ಲಿ ಒಂದನ್ನು ಸೋಲುವ ಸೀಸನ್‌ಗೆ ಖರ್ಚು ಮಾಡಬೇಕೇ?

ಆಟಗಾರ ನಿಜವೆಂದು ಖಾತ್ರಿಯಾದ ಕೂಡಲೇ ದೀರ್ಘ ಒಪ್ಪಂದ ಮಾಡಿಕೊಳ್ಳಿ. ಮಾಂಟ್ರಿಯಲ್ ಸುಜುಕಿಗೆ ಎಂಟು ವರ್ಷ, ವರ್ಷಕ್ಕೆ 78.75 ಲಕ್ಷ ಡಾಲರ್. ಕಾಫೀಲ್ಡ್‌ಗೆ ಎಂಟು ವರ್ಷ, 78.5 ಲಕ್ಷ. ಸ್ಲಾಫ್ಕೊವ್ಸ್ಕಿಗೆ ಎಂಟು ವರ್ಷ, 76 ಲಕ್ಷ. ಈ ಮೂವರಲ್ಲಿ ನಾಯಕನಿಗಿಂತ ಯಾರೂ ಮೇಲಿಲ್ಲ, ನೋಡಿ. ಕ್ಯಾಪ್ 2025-26ರಲ್ಲಿ 9.55 ಕೋಟಿ ಡಾಲರ್‌ಗೆ ಏರಿದಾಗ ಈ ಮೊತ್ತಗಳು ಅಗ್ಗವೆನಿಸಿದವು. ಅದೇ ಅಕ್ಟೋಬರ್‌ನಲ್ಲಿ ಹಟ್ಸನ್ ಎಂಟು ವರ್ಷಕ್ಕೆ, ವರ್ಷಕ್ಕೆ 88.5 ಲಕ್ಷದಂತೆ ಸಹಿ ಹಾಕಿದರು.

ಹಂತ 9: ನಿಲ್ಲಿಸುವುದನ್ನು ಕಲಿಯಿರಿ

ಎಡ್ಮಂಟನ್‌ಗೆ 2010ರಿಂದ 2015ರ ನಡುವೆ ನಾಲ್ಕು ಸಲ ಮೊದಲ ಪಿಕ್ ಸಿಕ್ಕಿತು. ಬಫಲೊ 2011ರ ನಂತರ ಸತತ 14 ಸೀಸನ್ ಪ್ಲೇಆಫ್ ಕಾಣಲಿಲ್ಲ. ಎಳೆಯರನ್ನು ಆರಿಸುತ್ತಲೇ ಇದ್ದು, ಸುತ್ತ ಗಟ್ಟಿ ಆಟಗಾರರನ್ನು ನಿಲ್ಲಿಸದಿದ್ದರೆ ಕಾಯುವುದೇ ಅಭ್ಯಾಸವಾಗಿಬಿಡುತ್ತದೆ.

ಪಿಕ್‌ಗಳು ಕೂಡಿಡುವುದಕ್ಕಷ್ಟೇ ಅಲ್ಲ. ಪಟ್ಟಿಯಲ್ಲಿ ಆಗಲೇ ಒಳ್ಳೆಯ ಹುಡುಗರು ಸಾಕಷ್ಟಿದ್ದರೆ, ಮುಂದಿನ ಪಿಕ್‌ಗಳನ್ನು ಇಪ್ಪತ್ತೈದರ ಆಸುಪಾಸಿನ, ಸಾಬೀತಾದ ಆಟಗಾರನಿಗೆ ಬದಲಾಯಿಸಿ. ಮಾಂಟ್ರಿಯಲ್‌ನ ಪಾಯಿಂಟ್‌ಗಳು 55ರಿಂದ 68, 76, ಕೊನೆಗೆ 2024-25ರಲ್ಲಿ 91ಕ್ಕೆ ಏರಿ ಪ್ಲೇಆಫ್ ಸಿಕ್ಕಿತು. ವಾಷಿಂಗ್ಟನ್ ಎದುರು ಐದು ಪಂದ್ಯಗಳಲ್ಲಿ ಸೋತರು. ಆ ಜೂನ್‌ನಲ್ಲಿ ಹ್ಯೂಸ್ ಅವರ ಕೈಯಲ್ಲಿ 16 ಮತ್ತು 17ನೆಯ ಪಿಕ್‌ಗಳಿದ್ದವು. 17 ತಮ್ಮದೇ. 16 ಮೋನಹನ್ ಅವರ ಜೊತೆ ಕ್ಯಾಲ್ಗರಿ ಕೊಟ್ಟಿದ್ದ ಆ ಹಳೆಯ ಪಿಕ್. ಡ್ರಾಫ್ಟ್ ದಿನ ಎರಡನ್ನೂ, ಜೊತೆಗೆ ಟೊಫೋಲಿಗೆ ಪ್ರತಿಯಾಗಿ ಬಂದಿದ್ದ ಹೈನೆಮನ್ ಅವರನ್ನೂ ಐಲ್ಯಾಂಡರ್ಸ್‌ಗೆ ಕೊಟ್ಟು ಇಪ್ಪತ್ತೈದರ ಡಿಫೆನ್ಸ್ ಆಟಗಾರ ನೋವಾ ಡಾಬ್ಸನ್ ಅವರನ್ನು ತಂದರು.

ಆ ಸಂಜೆ ಮೊದಲ ಸುತ್ತಿನಲ್ಲಿ ಮಾಂಟ್ರಿಯಲ್ ಯಾರ ಹೆಸರನ್ನೂ ಕರೆಯಲಿಲ್ಲ. ಮರುದಿನ ಬೆಳಿಗ್ಗೆ ಎರಡನೆಯ ಸುತ್ತು ಶುರುವಾದಾಗ 34ನೆಯ ಸ್ಥಾನಕ್ಕೆ ಏರಿ ಅಲೆಕ್ಸಾಂಡರ್ ಝರೋವ್ಸ್ಕಿ ಎಂಬ ರಷ್ಯಾದ ಹುಡುಗನನ್ನು ಆರಿಸಿದರು. ಅವನನ್ನು ಉಫಾದ ತನ್ನ ತಂಡದಲ್ಲೇ ಆಡಲು ಬಿಟ್ಟರು.